ನೆಲ ಮುಟ್ಟದ ಬುಟ್ಟಿ

ನಮ್ಮ ಓಣಿಯ ತಿರುವಿನಲ್ಲಿ ಇಸ್ತ್ರಿಯವನೊಬ್ಬ ಕುಳಿತುಕೊಳ್ಳುತ್ತಾನೆ. ದಿನಾ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ, ರಟ್ಟಿನ ತುಂಡಿನಿಂದ ಗಾಳಿ ಬೀಸಿ ಕೆಂಡ ಮಾಡಿಕೊಳ್ಳುತ್ತಾನೆ. ಆ ಹೊಗೆ ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತದೆ. ಮಗಳು ಕೆಮ್ಮುತ್ತ ಕಿಟಕಿ ಮುಚ್ಚುತ್ತಾಳೆ. ಅವಳು ಆಚೆ ಹೋದ ಮೇಲೆ ನಾನು ಮತ್ತೆ ತೆರೆಯುತ್ತೇನೆ. ಇದ್ದಿಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಹೊಳೆ ಕಾಣುತ್ತದೆ, ಹೊಳೆಯ ನಡುವಿನ ಹಳದಿ ಹೊಲ ಕಾಣುತ್ತದೆ, ತಲೆಯ ಸೆರಗು ಜಾರಿದ್ದೂ ಗೊತ್ತಿಲ್ಲದೆ ಕೂಗುತ್ತಿರುವ ನಮ್ಮ ಅತ್ತೆ ಕಾಣುತ್ತಾರೆ.

ಇದ್ದಿಲಿಗೂ ಹೊಳೆಗೂ ಎತ್ತಣ ಸಂಬಂಧ ಎಂದರೆ, ಅದು ದೊಡ್ಡ ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು, ನಮ್ಮ ಕಡೆಯ ಸರ್ವಿಸ್ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಮೋಟಾರಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ. ಅದಕ್ಕೆ ಇದ್ದಿಲು ಸುರಿದು, ಹಿಡಿಕೆ ತಿರುಗಿಸಿ ಗಾಳಿ ಹಾಕಿ, ಒಲೆ ಹೊತ್ತಿದ ಮೇಲೆ ಹೊರಡುತ್ತಿತ್ತು. ಏರು ಬಂದರೆ ಉಬ್ಬಸದವರ ಹಾಗೆ ಏದುತ್ತ ನಿಲ್ಲುತ್ತಿತ್ತು. ಆಗ ಜನ ಇಳಿದು ನೂಕಬೇಕು. ನಾನು ಹುಟ್ಟಿದ ಮೇಲೆ ಮೊದಲ ಸಲ ಮೋಟಾರು ಹತ್ತಿದ್ದು ಅಂಥದ್ದನ್ನೇ. ನೂಕಿದ್ದೂ ಅದೇ ದಿನ.

ನಾನು ಮದುವೆಯಾಗಿ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಗೆ ಬಂದು ಒಂದು ವರ್ಷ ಆಗಿತ್ತು. ಮನೆಯಲ್ಲಿ ಅತ್ತೆ, ಮಾವ, ನನ್ನ ಯಜಮಾನರು, ಎಲ್ಲರ ಮೇಲೆ ಆಯಿ. ಆಯಿ ಎಂದರೆ ಮಾವನವರ ತಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಲಗಣ್ಣಿಗೆ ಪೊರೆ ಪೂರ್ತಿ ಮುಚ್ಚಿತ್ತು. ಎಡಗಣ್ಣಿಗೂ ಮುಚ್ಚುತ್ತ ಬಂದಿತ್ತು. ನನ್ನ ಸೀರೆಯ ಬಣ್ಣ ಹೇಳುತ್ತಿದ್ದಳು, ಅಂಚಿನ ಬಣ್ಣ ಹೇಳುತ್ತಿರಲಿಲ್ಲ.

ಆಯಿಯ ತವರು ವರದಾ ಹೊಳೆಯ ದಂಡೆಯ ಒಂದು ಸಣ್ಣ ಊರು, ಹಾನಗಲ್ ಕಡೆ. ಅಲ್ಲಿ ಹೊಳೆ ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ನಡುವೆ ಒಂದು ಗಡ್ಡೆ. ಮಳೆಗಾಲದಲ್ಲಿ ಅದರ ಅಂಚೆಲ್ಲ ಮುಳುಗಿ, ನೀರು ಇಳಿದ ಮೇಲೆ ಮೈ ತುಂಬ ಹೊಸ ಮಣ್ಣು ಹೊದ್ದು ಮೇಲೇಳುತ್ತದೆ. ಆ ಗಡ್ಡೆಯ ಮೇಲಿನ ಹೊಲವನ್ನು ಆಯಿಯ ಅಪ್ಪ, ಮಗಳ ಮದುವೆಯಲ್ಲಿ ಅರಿಷಿಣ ಕುಂಕುಮಕ್ಕೆಂದು ಕೊಟ್ಟಿದ್ದ. ಹುಡುಗಿಯಾಗಿದ್ದಾಗ ಆಯಿ ಅಲ್ಲಿ ಓಡಾಡಿ ಬೆಳೆದವಳು. ಆದರೆ ಹೊಲ ಅವಳದಾದ ಮೇಲೆ ಒಮ್ಮೆಯೂ ಅಲ್ಲಿ ಕಾಲಿಟ್ಟಿರಲಿಲ್ಲ. ತವರಿನಲ್ಲಿ ಯಾರೂ ಉಳಿಯಲಿಲ್ಲ, ದಾರಿ ದೂರ, ನಡುವೆ ಹೊಳೆ. ಹೊಲವನ್ನು ಊರಿನವರೊಬ್ಬರು ಪಾಲಿಗೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಮನೆಯ ಗಂಡಸರು ಹಿಂದಿನ ದಿನವೇ ಬಂಡಿ ಹೂಡಿ ಹೋಗಿ, ದಂಡೆಯ ಊರಲ್ಲಿ ಮಲಗಿ, ಬೆಳಿಗ್ಗೆ ಹರಿಗೋಲು ದಾಟಿ ಚರಗ ಚೆಲ್ಲಿ ಬರುತ್ತಿದ್ದರು.

ನಮ್ಮ ಕಡೆಯವರಿಗೆ ಚರಗ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಎಳ್ಳಮಾಸಿಯ ಹೊತ್ತಿಗೆ ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಿರುತ್ತದೆ. ಭೂಮಿತಾಯಿ ಆಗ ಬಸುರಿ. ಬಸುರಿಯ ಬಯಕೆ ತೀರಿಸುವುದಕ್ಕೆ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಬದನೆಕಾಯಿ ಎಣಗಾಯಿ ಎಲ್ಲ ಮಾಡಿ, ಹೊಲಕ್ಕೆ ಒಯ್ದು, ಕಲಸಿ, ಬೆಳೆಯೊಳಗೆ ಸುತ್ತುತ್ತ ಚೆಲ್ಲುತ್ತಾರೆ. ಒಬ್ಬರು ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುವವರು “ಸಲಾಂಬ್ರಿಗೋ” ಎಂದು ಓಗೊಡಬೇಕು. ಕೂಗು ಗಂಡಸರದು, ಅಡುಗೆ ಹೆಂಗಸರದು. ಗಡ್ಡೆಯ ಹೊಲದ ಮಟ್ಟಿಗೆ ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟು ಇತ್ತು. ಚರಗದ ಬುಟ್ಟಿ ಹೊಸ್ತಿಲು ದಾಟಿದ ಮೇಲೆ ಹೊಲ ಸೇರುವ ತನಕ ನೆಲಕ್ಕೆ ಇಡುವ ಹಾಗಿಲ್ಲ. ಬಸುರಿಗೆಂದು ತಂದದ್ದನ್ನು ದಾರಿಯಲ್ಲಿ ಕಂಡ ಕಂಡ ನೆಲಕ್ಕೆ ಮೊದಲು ತಿನಿಸಿದ ಹಾಗಾಗುತ್ತದೆ ಅನ್ನುವುದು ಆಯಿಯ ಅಪ್ಪನ ಕಾಲದ ಮಾತು. ದಂಡೆಯ ಊರಲ್ಲಿ ಉಳಿಯುವ ರಾತ್ರಿ ಗಂಡಸರು ಸರದಿಯ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರಂತೆ.

ಗಂಡಸರು ತಿರುಗಿ ಬರುವಾಗ ಗಡ್ಡೆಯ ಹೊಲದಿಂದ ಜೋಳದ ಒಂದು ತೆನೆ ಮುರಿದು ತರುತ್ತಿದ್ದರು. ಅಜ್ಜ ಬದುಕಿದ್ದಾಗ ಅದನ್ನು ಆಯಿಯ ಕೈಗೆ ಕೊಟ್ಟು, “ಹಿಡಿ, ನಿನ್ನ ಹೊಲ” ಅನ್ನುತ್ತಿದ್ದರಂತೆ. ಅಜ್ಜ ಹೋದ ಮೇಲೆ ಮಾವನವರು ಹಾಗೇ ಅಂದು ಕೊಡುತ್ತಿದ್ದರು. ನಾನು ಬಂದ ವರ್ಷ ಕಣ್ಣಾರೆ ಕಂಡಿದ್ದೆ. ಆಯಿ ಆ ತೆನೆಯನ್ನು ಮೂಸಿ, ಒಂದೊಂದೇ ಕಾಳು ಬೆರಳಿನಿಂದ ಮುಟ್ಟಿ, ದೇವರ ಮಾಡದಲ್ಲಿ ಇಟ್ಟಿದ್ದಳು.

ಆ ವರ್ಷ ಮಳೆ ನಿಂತ ಮೇಲೆ ಚಳಿಜ್ವರ ಬಂತು. ಮಾವನವರಿಗೆ, ನನ್ನ ಯಜಮಾನರಿಗೆ ಇಬ್ಬರಿಗೂ. ಕೊಯಿನ ಗುಳಿಗೆ ನುಂಗಿ ನುಂಗಿ ಇಬ್ಬರ ಕಿವಿಯೂ ಗುಂಯ್ ಅನ್ನುತ್ತಿತ್ತು. ಎಳ್ಳಮಾಸಿ ಹತ್ತಿರ ಬಂದರೂ ಕಂಬಳಿ ಬಿಟ್ಟು ಏಳುವ ತ್ರಾಣ ಇರಲಿಲ್ಲ.

“ಈ ವರ್ಷ ಪಾಲಿನವರಿಗೇ ಹೇಳಿ ಕಳಸೋಣ ಬಿಡ, ಅವರ ಚೆಲ್ಲಲಿ,” ಎಂದರು ಮಾವ, ಕಂಬಳಿಯೊಳಗಿನಿಂದಲೇ.

ಆಯಿ ಕಂಬಕ್ಕೆ ಆತು ಕುಳಿತು ಬತ್ತಿ ಹೊಸೆಯುತ್ತಿದ್ದಳು. “ನನ್ನ ಹೊಲದ ಬಯಕಿ ಮಂದಿ ಯಾಕ ತೀರಸಬೇಕ? ನಾ ಹೋಗತೇನಿ.”

“ನೀ ಹೆಂಗ ಹೋಗತೀಯವ್ವಾ?”

“ನೀವು ಹೆಂಗ ಹೋಗತಿದ್ರಿ? ನನಗೂ ಎರಡ ಕಾಲ ಅದಾವ. ಬರೂ ವರ್ಷಕ್ಕ ಈ ಕಣ್ಣೂ ಹೋಗತೈತಿ. ಆಮ್ಯಾಲ ನೀ ತೆನಿ ತಂದು ಕೈಯಾಗ ಇಟ್ರ, ಅದು ನನ್ನ ಹೊಲದ್ದೋ ಊರ ಗೌಡನ ಹೊಲದ್ದೋ ನನಗೇನ ಗೊತ್ತಾಗಬೇಕ? ಒಮ್ಮಿ ನೋಡೇ ಬಿಡತೇನಿ.”

ಮಾವನವರು ಕಂಬಳಿ ಸರಿಸಿ ತಾಯಿಯ ಕಡೆ ನೋಡಿದರು. ಅವರು ಬಿಗಿ ಮನುಷ್ಯ, ಆದರೆ ತಾಯಿಯ ಕಣ್ಣಿನ ಮಾತು ಬಂದಾಗ ಅವರ ದನಿ ಸಡಿಲಾಗುತ್ತಿತ್ತು. ಕಡೆಗೆ ಎರಡು ಕಟ್ಟು ಹಾಕಿದರು. ಹೆಂಗಸರು ಪರಸ್ಥಳದಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಅದೇ ದಿನ ದೀಪ ಹಚ್ಚುವುದರೊಳಗೆ ಮನೆ ಸೇರಬೇಕು. ಮತ್ತೆ, ಬುಟ್ಟಿ ನೆಲ ಮುಟ್ಟಕೂಡದು. “ಅದು ತಪ್ಪಿದ್ರ ಮುಂದ ಎಂದೂ ಕೇಳಬ್ಯಾಡ್ರಿ,” ಎಂದರು.

“ಕೇಳೂದಿಲ್ಲ ತಗೋ,” ಎಂದಳು ಆಯಿ. “ಅದಾದ ಮ್ಯಾಲ ಹೇಳತೇವಿ.”

ಒಂದೇ ದಿನದಲ್ಲಿ ಹೋಗಿ ಬರಬೇಕೆಂದರೆ ಮೋಟಾರೇ ಗತಿ. ಎಳ್ಳಮಾಸಿಯ ದಿನ ಕೋಳಿ ಕೂಗುವ ಮೊದಲೇ ಅತ್ತೆ, ನಾನು ಒಲೆಯ ಮುಂದೆ ಕುಳಿತೆವು. ನೆರೆಮನೆಯ ಅಕ್ಕ ಗಂಡಸರ ಗಂಜಿ ನೋಡಿಕೊಳ್ಳಲು ಬಂದಳು. ಬುಟ್ಟಿ ತುಂಬಿ, ಮೇಲೆ ಕುಪ್ಪಸದ ಹೊಸ ಖಣ ಮುಚ್ಚಿ ಎತ್ತಿದಾಗ ನನ್ನ ಕುತ್ತಿಗೆ ಹೆಗಲೊಳಗೆ ಇಳಿದ ಹಾಗಾಯಿತು. ಇಬ್ಬರು ಗಂಡಸರ ಅಂದಾಜಿಗೆ ಮಾಡುತ್ತಿದ್ದ ಅಡುಗೆಯನ್ನು ನಾವು ಹೆಂಗಸರು ಹೋಗುತ್ತೇವೆಂಬ ಹಿಗ್ಗಿನಲ್ಲಿ ಊರ ಪಂಗತಿಗೆ ಆಗುವಷ್ಟು ಮಾಡಿದ್ದೆವು.

ಮೊದಲ ಸವಾರಿ ನಮ್ಮದೇ ಚಕ್ಕಡಿ. ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. ಎತ್ತಿನ ಕೊಂಬು ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಆಳುಮಗ ಫಕೀರಪ್ಪ ಎತ್ತು ಹೊಡೆಯುತ್ತ, “ಬುಟ್ಟಿ ಕೆಳಗ ಇಟ್ಟ ಕುಂದರ್ರಿ ಅವ್ವಾರ, ಬಂಡಿ ನೆಲ ಅಲ್ಲ,” ಎಂದ. ಆಯಿ ಒಪ್ಪಲಿಲ್ಲ.

“ಗಾಲಿ ನೆಲದ ಮ್ಯಾಲೈತಿ, ಗಾಲಿ ಮ್ಯಾಲ ಬಂಡಿ ಐತಿ, ಬಂಡಿ ಮ್ಯಾಲ ಬುಟ್ಟಿ ಇಟ್ರ ನೆಲಕ್ಕ ಇಟ್ಟಂಗ ಆತಿಲ್ಲ?”

“ಹಂಗಂದ್ರ ನೀವೂ ಬಂಡಿ ಮ್ಯಾಲೇ ಕುಂತೀರಿ. ಬುಟ್ಟಿ ನಿಮ್ಮ ತೊಡಿ ಮ್ಯಾಲಿಟ್ರೂ ಅಷ್ಟ ಆತು.”

“ನಾ ಮನಿಶ್ಯಾಳಪಾ. ನನ್ನ ತನಕ ಬಂದ ಮ್ಯಾಲ ಲೆಕ್ಕ ಬ್ಯಾರೆ. ಎತ್ತ ಹೊಡಿ.”

ಹೀಗೆ ಶಿಗ್ಗಾವಿ ತನಕ ಬುಟ್ಟಿ ಅತ್ತೆಯ ತೊಡೆಯಿಂದ ನನ್ನ ತೊಡೆಗೆ, ನನ್ನ ತೊಡೆಯಿಂದ ಅತ್ತೆಯ ತೊಡೆಗೆ ಓಡಾಡಿತು. ಫಕೀರಪ್ಪ ನಮ್ಮನ್ನು ಮೋಟಾರು ನಿಲ್ಲುವಲ್ಲಿ ಇಳಿಸಿ, ಸಂಜೆ ಅಲ್ಲೇ ಬಂಡಿ ಹೂಡಿಕೊಂಡು ಕಾಯುತ್ತೇನೆಂದು ಹೇಳಿ ಉಳಿದ.

ಮೋಟಾರು ಬಂತು. ಕಂಡಕ್ಟರ್ ಬುಟ್ಟಿ ನೋಡಿದವನೇ, “ಮ್ಯಾಲ ಹಾಕ್ರಿ, ಟಪ್ಪಿನ ಮ್ಯಾಲ,” ಎಂದ. ಮೋಟಾರಿನ ನೆತ್ತಿಯ ಟಪ್ಪಿನ ಮೇಲೆ ಹಾಕಿದರೆ ಬುಟ್ಟಿ ಗಾಲಿಯ ಲೆಕ್ಕಕ್ಕೇ ಬರುತ್ತದೆಂದು ಆಯಿ ತಗಾದೆ ತೆಗೆದಳು. ಕಂಡಕ್ಟರಿಗೆ ಒಂದೂ ತಿಳಿಯಲಿಲ್ಲ. ಒಳಗೆ ಕಿಟಕಿಗೆ ಕುಳಿತಿದ್ದ ಬಿಳಿ ಗಡ್ಡದ ಒಬ್ಬರು ನಕ್ಕು, ಸರಿದು ಜಾಗ ಮಾಡಿಕೊಟ್ಟರು. ಹೆಸರು ಹುಸೇನಸಾಬರು. ಸವಣೂರಿನ ಎಲೆಬಳ್ಳಿ ತೋಟದವರು. ಹಾನಗಲ್ಲಿನ ಅಂಗಡಿಗೆ ವೀಳ್ಯದೆಲೆ ಒಯ್ಯುತ್ತಿದ್ದರು. ಅವರ ಎಲೆಯ ಪೆಂಡಿಗಳು ಟಪ್ಪಿನ ಮೇಲಿದ್ದವು. ಹಸಿ ಬಾಳೆಲೆ ಸುತ್ತಿ ನೀರು ಹೊಡೆದಿದ್ದರಿಂದ ಕಿಟಕಿಯ ಮೇಲಿಂದ ಹನಿ ಹನಿ ತೊಟ್ಟಿಕ್ಕುತ್ತಿತ್ತು.

“ಚರಗದ ಬುಟ್ಟಿ ಏನ್ರಿ ಅಮ್ಮಾ?” ಎಂದು ಆಯಿಯನ್ನು ಕೇಳಿದರು.

“ಹೌದ್ರಿ. ಹೊಲ ಮುಟ್ಟೂ ತನಕ ನೆಲಕ್ಕ ಇಡಂಗಿಲ್ಲ.”

“ಇಡಂಗಿಲ್ಲ ಅಂದ್ರ ಇಡಂಗಿಲ್ಲ,” ಎಂದರು ಸಾಬರು. ಅಷ್ಟಕ್ಕೇ ಅವರಿಗೆ ಎಲ್ಲ ತಿಳಿದಿತ್ತು.

ಬಂಕಾಪುರ ದಾಟಿದ ಮೇಲೆ ನೆಲದ ಬಣ್ಣ ಬದಲಾಗತೊಡಗಿತು. ನಮ್ಮ ಕಪ್ಪು ಹೊಲ, ಹತ್ತಿ ಗಿಡ ಹಿಂದೆ ಬಿದ್ದು, ಕೆಂಪು ಮಣ್ಣು, ಕೆರೆಗಳು, ಕೊಯ್ದ ಬತ್ತದ ಗದ್ದೆ, ಕಬ್ಬು ಬಂದವು. ನಾನು ಕುತ್ತಿಗೆ ಹೊರಗೆ ಹಾಕಿ ನೋಡುತ್ತಿದ್ದೆ. ಆಯಿ ಮೂಗಿನಿಂದ ನೋಡುತ್ತಿದ್ದಳು. “ಗಾಣ ಹೂಡ್ಯಾರ, ಬೆಲ್ಲದ ವಾಸನಿ ಬಂತು,” ಅನ್ನುವಳು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಆಲೆಮನೆಯ ಹೊಗೆ ಕಾಣುವುದು.

ಒಂದು ಏರಿನಲ್ಲಿ ಮೋಟಾರು ಕೆಮ್ಮಿ, ನಡುಗಿ, ನಿಂತಿತು.

“ಇಳೀರಿ, ನೂಕ್ರಿ!” ಎಂದ ಕಂಡಕ್ಟರ್. ಗಂಡಸರು ಇಳಿದರು. ಅವರಿಂದ ಅದು ಕದಲಲಿಲ್ಲ. ಆಯಿ ಒಳಗಿನಿಂದಲೇ ನಮಗೆ ಕೈ ಮಾಡಿದಳು. “ನೀವೂ ಇಳೀರೇ. ಹೊತ್ತ ಹೋಗಾಕತ್ತೈತಿ.”

“ಹೆಣ್ಮಕ್ಕಳು ಬ್ಯಾಡ್ರೀ,” ಎಂದ ಕಂಡಕ್ಟರ್.

“ಯಾಕ? ದಿನಾ ಬೀಸೂಕಲ್ಲ ತಿರುವೂ ಕೈ ಅದಾವು. ನಿನ್ನ ಗಾಡಿಗಿಂತ ಅದ ಭಾರ ಐತಿ.”

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನಮ್ಮ ಅತ್ತೆ ಹೇಗೆಂದರೆ, ಮಾವನವರ ಎದುರು ಅವರ ದನಿ ಒಲೆಯ ಆಚೆ ಹೋಗುತ್ತಿರಲಿಲ್ಲ. ಅಂಥವರು ಇಳಿದು ಮೋಟಾರಿಗೆ ಹೆಗಲು ಕೊಟ್ಟರು. ಬುಟ್ಟಿ ಯಾರ ಕೈಗೆ? ಆಯಿಗೆ ಅಷ್ಟು ಭಾರ ತಡೆಯದು. ಮೊಣಕಾಲು ನೋವೆಂದು ಹುಸೇನಸಾಬರು ಇಳಿದಿರಲಿಲ್ಲ. “ಕೊಡ್ರಿ ಇಲ್ಲೆ,” ಎಂದು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಹಿಡಿದರು.

ನೂಕಿದೆವು. ಒಲೆ ಬುಸ್ ಎಂದಿತು. ಮುಖಕ್ಕೆಲ್ಲ ಇದ್ದಿಲ ಪುಡಿ. ಮೋಟಾರು ಹಾರಿದ ಹಾಗೆ ಮುಂದೆ ಹೋಯಿತು. ನಿಲ್ಲಿಸಿದರೆ ಮತ್ತೆ ಆರುತ್ತದೆಂದು ಡ್ರೈವರ್ ನಿಲ್ಲಿಸಲಿಲ್ಲ. ಓಡಿ ಓಡಿ ಹತ್ತಿದೆವು. ಅತ್ತೆ ಹತ್ತಿ ನನ್ನ ಕೈ ಹಿಡಿದು ಎಳೆದುಕೊಂಡರು. ಇಬ್ಬರೂ ನಗುತ್ತಿದ್ದೆವು. ಅತ್ತೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಸ್ವಲ್ಪ ದೂರಕ್ಕೇ ನಮ್ಮ ದಾರಿ ಕೂಡುವ ಜಾಗ ಬಂತು. “ಲಗೂ ಇಳೀರಿ, ಲಗೂ! ಎಂಜಿನ್ ಬಂದಾದ್ರ ನೀವ ಬಂದು ನೂಕಬೇಕು!” ಎಂದು ಡ್ರೈವರ್ ಕೂಗಿದ. ಇನ್ನೂ ಉರುಳುತ್ತಿದ್ದ ಮೋಟಾರಿನಿಂದ ಆಯಿಯನ್ನು ಅತ್ತೆ ಮುಂದೆ, ನಾನು ಹಿಂದೆ ಹಿಡಿದು, ಹತ್ತಿಯ ಮೂಟೆ ಇಳಿಸಿದ ಹಾಗೆ ಇಳಿಸಿದೆವು. ಮೋಟಾರು ಹೊಗೆ ಬಿಟ್ಟು ತಿರುವು ದಾಟಿತು.

ಅತ್ತೆ ನನ್ನ ತಲೆ ನೋಡಿದರು. ನಾನು ಅತ್ತೆಯ ತಲೆ ನೋಡಿದೆ.

“ಬುಟ್ಟಿ?”

ಯಾರ ಬಾಯಿಂದ ಬಂತೋ ಗೊತ್ತಿಲ್ಲ. ಬುಟ್ಟಿ ನೆಲಕ್ಕಿಟ್ಟಿದ್ದರೆ ಇಳಿಯುವಾಗ ಕಾಲಿಗೆ ಸಿಕ್ಕಾದರೂ ನೆನಪಾಗುತ್ತಿತ್ತು. ನೆಲಕ್ಕಿಡಬಾರದೆಂದು ಅಷ್ಟು ಜತನ ಮಾಡಿದ್ದರಿಂದಲೇ ಅದು ಸಾಬರ ತೊಡೆಯ ಮೇಲೆ ಕುಳಿತು ಹಾನಗಲ್ಲಿಗೆ ಹೊರಟಿತ್ತು.

ಅತ್ತೆಯ ಮುಖ ಬಿಳಿಚಿತು. “ಇನ್ನ ಮನಿಗೆ ಹೋಗಿ ಏನಂತ ಹೇಳೂದ ಅತ್ತೆವ್ವಾ,” ಎಂದು ಆಯಿಯ ಕೈ ಹಿಡಿದರು. ಆಯಿ ಮೋಟಾರು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು.

“ಆ ಸಾಬ ಯಾವ ಊರವ ಅಂದ?”

“ಸವಣೂರ ಅಂದ್ರು.”

“ಇಡಂಗಿಲ್ಲ ಅಂದ್ರ ಇಡಂಗಿಲ್ಲ ಅಂದಾನ. ನಡೀರಿ, ಹೊಳಿಗೆ ಹೋಗೋಣ.”

ಕಾಲುದಾರಿ ಕಬ್ಬಿನ ನಡುವೆ ಇಳಿದು ಹೋಗುತ್ತಿತ್ತು. ನಾನು ಆಯಿಯ ಕೈ ಹಿಡಿದು ನಡೆದೆ. ಬರಿ ತಲೆಯಲ್ಲಿ ನಡೆಯುವುದು ಹಗುರ ಆಗಬೇಕಿತ್ತು. ಆದರೆ ಅಷ್ಟು ಭಾರದ ನಡಿಗೆ ನಾನು ಮತ್ತೆ ನಡೆದಿಲ್ಲ.

ಕಬ್ಬು ಮುಗಿದದ್ದೇ ಹೊಳೆ ಕಂಡಿತು. ಚಳಿಗಾಲದ ವರದೆ ಸಣ್ಣಗಾಗಿ, ತಿಳಿಯಾಗಿ, ಅಲ್ಲಲ್ಲಿ ಕಲ್ಲಿಗೆ ತಾಗಿ ಮಾತಾಡುತ್ತ ಹರಿಯುತ್ತಿತ್ತು. ಆದರೆ ಈ ಕಡೆಯ ಕವಲು ಆಳದ ಮಡು. ಹಸಿರು ನೀರು, ಮೇಲೆ ಬಿಸಿಲು. ಅದರ ಆಚೆ ಗಡ್ಡೆ. ಅಂಚಿಗೆ ಆಪು ಹುಲ್ಲು, ಅದರ ಹಿಂದೆ ಜೋಳ, ಜೋಳದ ನಡುನಡುವೆ ಸಾಲು ಹಿಡಿದು ಹೂಬಿಟ್ಟ ಕುಸುಬಿ. ಬೆಳ್ಳಕ್ಕಿಗಳು ಅರಿವೆ ಒಣಹಾಕಿದ ಹಾಗೆ ಕುಳಿತಿದ್ದವು. ಇಷ್ಟು ಚೆಂದದ್ದು ನಮ್ಮ ಮನೆಯದೆಂದು ಒಬ್ಬರೂ ಹೇಳಿರಲಿಲ್ಲ. ಗಂಡಸರು ಹೇಳುತ್ತಿದ್ದದ್ದು ಕಾಳೆಷ್ಟು, ಮೇವಿನ ಕಣಕಿ ಎಷ್ಟು ಅಂತ ಮಾತ್ರ.

ಅಂಬಿಗರ ಯಲ್ಲಪ್ಪ ಹರಿಗೋಲನ್ನು ದಡಕ್ಕೆ ಎಳೆದುಕೊಂಡು ಕುಳಿತಿದ್ದ. ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ಯಾರ ಮನಿಯವರ್ರೀ? ಗಂಡಸರು ಎಲ್ಲಿ?”

ಅತ್ತೆ ಹೇಳಿದರು.

“ಓ, ಬೆಂಡಿಗೇರಿಯವರ! ಮತ್ತ ಚರಗ ಎಲ್ಲಿ? ಬಸರಿ ಮನಿಗೆ ಬರಿಗೈಲೆ ಬಂದೀರೇನ?”

“ಬರತೈತಿ,” ಎಂದಳು ಆಯಿ.

“ಯಾರ ತರತಾರ?”

“ಎಲಿ ಸಾಬ ತರತಾನ.”

ಯಲ್ಲಪ್ಪ ನನ್ನ ಕಡೆ ನೋಡಿ, ಅಜ್ಜಿಗೆ ಅರಳುಮರಳೇ ಅನ್ನುವ ಹಾಗೆ ಹುಬ್ಬು ಹಾರಿಸಿದ. ಆಚೆ ದಂಡೆಯಲ್ಲಿ ಅವನ ಮನೆಯವರ ಚರಗ ಇತ್ತು. ನೆತ್ತಿಯ ಮೇಲೆ ಹೊತ್ತು ಬರುವುದರೊಳಗೆ ಅವನು ಅಲ್ಲಿರಬೇಕು. ಆಮೇಲೆ ಸಂಜೆಯ ತನಕ ಹರಿಗೋಲು ಇಲ್ಲ. ಸಂಜೆ ತನಕ ಕುಳಿತರೆ ತಿರುಗುವ ಮೋಟಾರು ತಪ್ಪುತ್ತದೆ, ದೀಪದ ಹೊತ್ತು ಮೀರುತ್ತದೆ.

“ಬರಿಗೈಲೆ ಆದ್ರೂ ದಾಟಿಸಿ ಬಿಡತೇನಿ, ನೋಡಿ ಬರ್ರಿ,” ಎಂದ. ಮನುಷ್ಯ ಕೆಟ್ಟವನಲ್ಲ.

ನನಗೆ ಅದೇ ಸರಿ ಅನ್ನಿಸಿತು. “ಆಯೀ, ನೋಡಿ ಆದ್ರೂ ಬರೋಣ. ಅಷ್ಟು ಆಶಾ ಮಾಡಿ ಬಂದೀದಿ.”

ಆಯಿ ದಡದ ಕಲ್ಲಿನ ಮೇಲೆ ಕುಳಿತುಬಿಟ್ಟಳು. “ಮಗಳ ಬಸರಾದ ಸುದ್ದಿ ಕೇಳಿ ಹೋದಾಕಿ, ಬಾಗಲಾಗ ನಿಂತು ಮಾರಿ ನೋಡಿ ಬರತಾಳೇನ? ನಾ ಬರಿಗೈಲೆ ಕಾಲ ಇಡಾಕಿ ಅಲ್ಲ.” ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಕೂಗಳತೆಯಲ್ಲಿ ಅವಳ ಹೊಲ. ಮಬ್ಬುಗಣ್ಣು ಕಿರಿದು ಮಾಡಿ ಅತ್ತ ನೋಡಿದಳು. “ಅಲ್ಲೆ ಏನೋ ಹಳದಿ ಕಂಡಂಗ ಆಗತೈತಿ. ಕುಸುಬಿ ಏನ?”

“ಹೌದು ಆಯೀ.”

“ನಮ್ಮಪ್ಪನೂ ಕುಸುಬೀನ ಹಾಕತಿದ್ದ,” ಎಂದಳು.

ಅತ್ತೆ ಆಚೆ ತಿರುಗಿ ಕಣ್ಣೊರೆಸಿಕೊಂಡರು. ಯಲ್ಲಪ್ಪ ಎದ್ದು ಹೊತ್ತು ನೋಡಿದ, ಕುಳಿತ, ಮತ್ತೆ ಎದ್ದ. ಹರಿಗೋಲನ್ನು ಅರ್ಧ ನೀರಿಗೆ ದೂಡಿದ. “ಇನ್ನ ಆಗೂದಿಲ್ಲ ಅಜ್ಜೀ. ನಮ್ಮ ಮನಿಯಾಗೂ ಬೈತಾರ.”

ಅಷ್ಟರಲ್ಲಿ ಕಬ್ಬಿನೊಳಗೆ ಸೈಕಲ್ ಗಂಟೆ ಕೇಳಿತು.

ಮೊದಲು ಕಂಡದ್ದು ನಮ್ಮ ಬುಟ್ಟಿಯ ಮೇಲಿನ ಹೊಸ ಖಣ. ಕಬ್ಬಿನ ಗರಿಗಳ ಮೇಲೆ ಅದೊಂದೇ ತೇಲಿ ಬರುತ್ತಿದ್ದ ಹಾಗಿತ್ತು. ಆಮೇಲೆ ಅದರ ಕೆಳಗೆ ಬಿಳಿ ಗಡ್ಡ. ಸೈಕಲ್ ಹೊಡೆಯುತ್ತಿದ್ದವರು ಕೋಟು, ಕರಿ ಟೋಪಿಯ ಒಬ್ಬ ಶಾಲಾ ಮಾಸ್ತರರು, ಬೆವರಿನಲ್ಲಿ ತೊಯ್ದಿದ್ದರು. ಹಿಂದಿನ ಕ್ಯಾರಿಯರ್ ಮೇಲೆ ಹುಸೇನಸಾಬರು, ತಲೆಯ ಮೇಲೆ ಬುಟ್ಟಿ, ಎರಡೂ ಕೈ ಬುಟ್ಟಿಗೆ. ಹಿಡಿದುಕೊಳ್ಳಲು ಕೈ ಇಲ್ಲದ್ದರಿಂದ ಮಾಸ್ತರರ ಕೋಟಿನ ಕಾಲರನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದರು.

ಸೈಕಲ್ ನಿಂತಿತು. ಸಾಬರು ಕಾಲರು ಬಿಟ್ಟು ಮೊದಲು ಹೇಳಿದ್ದು, “ಇಟ್ಟಿಲ್ರಿ ಅಮ್ಮಾ. ಎಲ್ಲೂ ಇಟ್ಟಿಲ್ಲ.”

ಆಮೇಲೆ ಕಥೆ ತಿಳಿಯಿತು. ನಾವಿಳಿದ ಮೇಲೆ ಮೋಟಾರು ಮುಂದಿನ ಹಳ್ಳದ ಏರಿಗೇ ಮತ್ತೆ ಕೆಟ್ಟು ನಿಂತಿತ್ತು. ಬುಟ್ಟಿಯನ್ನು ಟಪ್ಪಿನ ಮೇಲೆ ಹಾಕಿರಿ, ತಿರುಗಿ ಬರುವಾಗ ಕೊಟ್ಟರಾಯಿತು ಎಂದನಂತೆ ಕಂಡಕ್ಟರ್. ಸಾಬರು ತಮ್ಮ ಎಲೆಯ ಪೆಂಡಿಗಳನ್ನು ಅವನಿಗೆ ಒಪ್ಪಿಸಿ, ಬುಟ್ಟಿ ಹೊತ್ತು ಇಳಿದು, ನೋಯುವ ಮೊಣಕಾಲಿನಲ್ಲೇ ಹಿಂದಕ್ಕೆ ನಡೆಯುತ್ತಿದ್ದಾಗ ಮಾಸ್ತರರು ಸಿಕ್ಕಿದ್ದರು.

“ನಿಮ್ಮ ಎಲಿ ಬಾಡಿದ್ರ ಹೆಂಗ್ರಿ?” ಎಂದು ಅತ್ತೆ ಕೇಳಿದರು.

“ನೀರ ಹೊಡಿ ಅಂತ ಹೇಳೇನಿ. ನಾಕ ಬಾಡಿದ್ರ ಬಾಡಲಿ. ಎಲಿ ನಾಳಿಗೂ ಬಳ್ಳ್ಯಾಗ ಅದಾವ. ಅಮಾಸಿ ನಾಳಿಗೆ ಇಲ್ಲಲ್ಲ.”

ಮಾಸ್ತರರು ಕಾಲರು ತಡವಿಕೊಂಡು, “ಸಾಬರ, ಕೋಟು ಹೊಸಾದಿತ್ತು,” ಎಂದರು.

“ಹಲ್ಲ ಹಳೇವು ಮಾಸ್ತರ, ಏನೂ ಆಗಿಲ್ಲ.”

ಯಲ್ಲಪ್ಪ ಬಾಯಿ ತೆರೆದು ನಿಂತಿದ್ದ. ಆಯಿ ಎದ್ದು, ಅವನ ಕಡೆ ತಿರುಗಿ, “ಎಲಿ ಸಾಬ ತಂದಾನ. ಹಾಕ ಹರಗೋಲ,” ಎಂದಳು.

ಬೆತ್ತ, ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲು. ಕಾಲಿಟ್ಟರೆ ತೊಟ್ಟಿಲ ಹಾಗೆ ಅಲ್ಲಾಡಿತು. ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಹೋದರು. ಆಯಿ ತಡೆದಳು. “ಇಲ್ಲಿ ಇಡ್ರಿ. ಇದರ ಕೆಳಗ ನೀರೈತಿ, ನೆಲ ಇಲ್ಲ.” ಬೆಳಗಿನಿಂದ ಮೊದಲ ಸಲ ಬುಟ್ಟಿ ಮನುಷ್ಯರ ಮೈ ಬಿಟ್ಟು ಕುಳಿತಿತು. ಅತ್ತೆ ತೊಡೆ ಒತ್ತಿಕೊಂಡರು. “ಮನಿಯಾಗ ಬೈದ್ರ ಬೈಲಿ, ನಿಮ್ಮನ್ನ ತಿರುಗಿ ದಾಟಿಸೇ ಹೋಗತೇನಿ,” ಎಂದು ಯಲ್ಲಪ್ಪ ಹುಟ್ಟು ಹಾಕಿದ. ಹರಿಗೋಲು ತಿರುಗುತ್ತ ಹೊರಟಿತು. ಒಮ್ಮೆ ಈ ದಂಡೆ, ಒಮ್ಮೆ ಗಡ್ಡೆ, ಒಮ್ಮೆ ಕಬ್ಬು, ಒಮ್ಮೆ ಬೆಳ್ಳಕ್ಕಿ, ಎಲ್ಲ ನಮ್ಮ ಸುತ್ತ ತಿರುಗಿದವು. ನಾನು ಹೆದರಿ ಅಂಚು ಹಿಡಿದೆ. ಆಯಿ ನೀರಿಗೆ ಕೈ ಇಳಿಬಿಟ್ಟು, ಸಣ್ಣ ಹುಡುಗಿಯ ಹಾಗೆ ಮೇಲೆತ್ತಿ ನನ್ನ ಮುಖಕ್ಕೆ ಸೋಕಿಸಿದಳು.

ಗಡ್ಡೆಗೆ ತಾಗಿದಾಗ ಎಲ್ಲರಿಗಿಂತ ಮೊದಲು ಆಯಿ ಇಳಿದಳು. ಇಳಿದವಳೇ ಬಾಗಿ, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬುಟ್ಟಿಯನ್ನು ಹೊಲದ ಒಡ್ಡಿನ ತನಕ ಅತ್ತೆ ಹೊತ್ತರು. ಅಲ್ಲಿ ಬನ್ನಿಗಿಡದ ಕೆಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಆಯಿ ಬುಟ್ಟಿಯ ಅಂಚು ಹಿಡಿದು, “ಈಗ ಇಳಸ್ರಿ,” ಎಂದಳು. ಮೂವರೂ ಕೈ ಹಚ್ಚಿ ಇಳಿಸಿದೆವು. ಹುಲ್ಲಿನ ಮೇಲೆ ಬುಟ್ಟಿ ಕೂತ ಸಣ್ಣ ಸಪ್ಪಳ ನನಗೆ ಇನ್ನೂ ಕೇಳುತ್ತದೆ.

ಪೂಜೆ ಆಯಿತು. ಚರಗ ಕಲಸಿದೆವು. ಆಯಿ ಚರಗ ತುಂಬಿದ ಮೊರ ಹಿಡಿದು ಮುಂದೆ, ಅವಳ ಮೊಣಕೈ ಹಿಡಿದು ನಾನು, ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಅತ್ತೆ. ಜೋಳ ನಮ್ಮ ತಲೆಗಿಂತ ಎತ್ತರ. ಆಯಿ ಮೊದಲ ಹಿಡಿ ಎಸೆದು ಕೂಗಿದಳು:

“ಹುಲ್ಲುಲ್ಲಿಗೋ!”

ಹಿಂದಿನಿಂದ ಅತ್ತೆ ಮೆಲ್ಲಗೆ, “ಸಲಾಂಬ್ರಿಗೋ,” ಎಂದರು.

ಆಯಿ ನಿಂತಳು. “ಏನ ಅಂದಿ?”

“ಸಲಾಂಬ್ರಿಗೋ ಅಂದ್ನಿರಿ.”

“ಒಲಿಗೆ ಹೇಳಾಕತ್ತೀಯೋ, ಭೂಮಿಗೆ ಹೇಳಾಕತ್ತೀಯೋ? ಇಲ್ಲಿ ನಿನ್ನ ಗಂಡ ಇಲ್ಲ, ಮಗ ಇಲ್ಲ. ಇದು ನನ್ನ ಹೊಲ. ಕೂಗ!”

ಎರಡನೆಯ ಸಲ ಆಯಿ ಕೂಗಿದಾಗ ಅತ್ತೆ ಉಸಿರು ತುಂಬಿಕೊಂಡು ಓಗೊಟ್ಟರು. ಆಪಿನೊಳಗಿನ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ನಾನು ಬೆಚ್ಚಿ ತಿರುಗಿ ನೋಡಿದೆ. ಅತ್ತೆಯ ಸೆರಗು ಹೆಗಲಿಗೆ ಜಾರಿತ್ತು, ಕೆನ್ನೆಯ ಮೇಲೆ ಇದ್ದಿಲ ಮಸಿ ಇನ್ನೂ ಇತ್ತು, ಕುತ್ತಿಗೆಯ ನರ ಉಬ್ಬಿತ್ತು. ಮೂರನೆಯ ಸಲಕ್ಕೆ ಹರಿಗೋಲಿನೊಳಗಿಂದ ಯಲ್ಲಪ್ಪನೂ ಓಗೊಟ್ಟ. ಈಚೆ ದಂಡೆಯಲ್ಲಿ ಉಳಿದಿದ್ದ ಸಾಬರ ದನಿ, ಮಾಸ್ತರರ ದನಿ ಕೂಡಿದವು. ಆಚೆ ದಂಡೆಯ ಹೊಲಗಳಲ್ಲಿ ಚರಗ ಚೆಲ್ಲುತ್ತಿದ್ದವರು, ಹೆಂಗಸರ ಕೂಗೆಂದು ತಿಳಿದು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವರೂ ಓಗೊಟ್ಟರು. ಆಯಿ ಒಂದು ಕೂಗಿದರೆ ಹೊಳೆಯ ಎರಡೂ ಕಡೆಯಿಂದ ಉತ್ತರ ಬರುತ್ತಿತ್ತು. ಹೊಲವನ್ನು ಸುತ್ತು ಹಾಕಿ ಮುಗಿಸುವಷ್ಟರಲ್ಲಿ ನಾನೂ ಕೂಗುತ್ತಿದ್ದೆ. ಯಾವಾಗ ಶುರು ಮಾಡಿದೆನೋ ನನಗೇ ತಿಳಿಯದು.

ಕುಸುಬಿಯ ಸಾಲಿನ ಹತ್ತಿರ ಆಯಿ ನಿಂತು, ಹೂವಿಗೆ ಮೂಗು ತಾಗುವಷ್ಟು ಬಾಗಿ ಎಡಗಣ್ಣಿನಿಂದ ನೋಡಿದಳು. ಮುಳ್ಳು ಚುಚ್ಚಿತು. “ಹೌದು, ಹಳದೀನ ಐತಿ,” ಎಂದು ನಕ್ಕಳು.

ಯಲ್ಲಪ್ಪನಿಗೆ ಅಲ್ಲೇ ಉಣ್ಣಿಸಿ, ಈಚೆ ದಾಟಿ, ಸಾಬರು, ಮಾಸ್ತರರಿಗೆ ದಡದಲ್ಲಿ ಬಡಿಸಿದೆವು. ಸಾಬರು ಎಣಗಾಯಿಗೆ ಎರಡನೆಯ ಸಲ ಕೈ ಒಡ್ಡಿ, “ಇಷ್ಟ ಭಾರ ಯಾಕಿತ್ತು ಅಂತ ಈಗ ತಿಳೀತು,” ಎಂದರು. ತಿರುಗುವ ಮೋಟಾರಿನ ಹೊತ್ತಿಗೆ ರಸ್ತೆ ಸೇರಿದೆವು. ಅದೇ ಮೋಟಾರು, ಅದೇ ಕಂಡಕ್ಟರ್. ಎಲೆ ಅಂಗಡಿಗೆ ಮುಟ್ಟಿತೆಂದು ಸಾಬರಿಗೆ ಹೇಳಿ, ಬುಟ್ಟಿಯ ಕಡೆ ಅನುಮಾನದಿಂದ ನೋಡಿದ. ಆಯಿ ಖಾಲಿ ಬುಟ್ಟಿಯನ್ನು ಅವನ ಕೈಗೇ ಕೊಟ್ಟು, “ಈಗ ಎಲ್ಲಿ ಬೇಕಾದ್ರೂ ಒಗೀಪಾ,” ಎಂದಳು. ಉಳಿದಿದ್ದ ಹೋಳಿಗೆ ಅವನಿಗೂ ಡ್ರೈವರನಿಗೂ ಸಿಕ್ಕಿತು. ದಾರಿಯಲ್ಲಿ ಒಮ್ಮೆ ನೂಕಬೇಕಾಯಿತು. ಈ ಸಲ ಕಂಡಕ್ಟರ್ ನಮ್ಮನ್ನು ಬೇಡ ಅನ್ನಲಿಲ್ಲ.

ಆಮೇಲೆ ಗಂಡಸರ ಜ್ವರ ಬಿಟ್ಟಿತು, ಯುದ್ಧವೂ ಮುಗಿಯಿತು. ಆದರೆ ಗಡ್ಡೆಯ ಚರಗಕ್ಕೆ ಹೆಂಗಸರಿಲ್ಲದೆ ಬಂಡಿ ಹೂಡಿದ್ದು ನಮ್ಮ ಮನೆಯಲ್ಲಿ ಮತ್ತೆ ಇಲ್ಲ. ಆಯಿಯ ಎಡಗಣ್ಣು ಮುಂದಿನ ವರ್ಷವೇ ಹೋಯಿತು. ಕಣ್ಣಿಲ್ಲದೆಯೂ ಬದುಕಿದ್ದಷ್ಟು ವರ್ಷ ಬಂದು ಕೂಗಿದಳು. ಬುಟ್ಟಿ ಹೊರುವ ಕೆಲಸ ಮಾತ್ರ ನನ್ನ ಯಜಮಾನರ ಪಾಲಿಗೆ ಬಂತು.

ಆ ಸಂಜೆ ಚಕ್ಕಡಿ ನಮ್ಮ ಅಂಗಳಕ್ಕೆ ಬಂದಾಗ ನೆರೆಮನೆಯ ಅಕ್ಕ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ಇನ್ನೂ ಹಚ್ಚಿರಲಿಲ್ಲ. ಮಾವನವರು ಕಂಬಳಿ ಹೊದ್ದು ಕಟ್ಟೆಗೆ ಬಂದು ಕುಳಿತಿದ್ದರು. ನಮ್ಮ ಮಸಿ ಮೆತ್ತಿದ ಮುಖ, ಕೆಸರು ಹತ್ತಿದ ಸೀರೆ ನೋಡಿದರು.

“ಬುಟ್ಟಿ ನೆಲಕ್ಕ ಹತ್ತಿತೇನವ್ವಾ?”

“ಹತ್ತಿತು,” ಎಂದಳು ಆಯಿ.

ಮಾವನವರ ಮುಖ ಗಂಟಾಯಿತು. “ಎಲ್ಲಿ?”

“ನನ್ನ ಹೊಲದಾಗ.”

ಅಷ್ಟಂದು ಮಡಿಲಿಗೆ ಕೈ ಹಾಕಿ, ಹಾಲುಗಾಳಿನ ಜೋಳದ ತೆನೆ ತೆಗೆದಳು. ಮಗನ ಕೈಯನ್ನು ತಡವಿ ಹುಡುಕಿ, ಜ್ವರದ ಆ ಬಿಸಿ ಅಂಗೈಯಲ್ಲಿ ಅದನ್ನಿಟ್ಟು, ಬೆರಳು ಮಡಿಚಿದಳು.

“ಹಿಡಿ,” ಎಂದಳು. “ನನ್ನ ಹೊಲ.”